ಮೋರಿ ಚಪ್ಪಡಿಯ ಮೇಲಿನ ಅಂಗಳ

ಅತ್ತಿಬೆಲೆಯ ಹೊಸ ಬಡಾವಣೆಗಳಲ್ಲಿ 30×40 ಸೈಟು ಎಂದರೆ ಕೆಳಗೆ ಮಾಲೀಕರ ಮನೆ, ಮೇಲೆ ಮೂರೋ ನಾಲ್ಕೋ ಬಾಡಿಗೆ ಮನೆ. ಗೋಡೆ ಕಾಂಪೌಂಡಿಗೆ ಒತ್ತಿಕೊಂಡೇ ನಿಲ್ಲುವುದರಿಂದ ಅಂಗಳ ಎನ್ನಬಹುದಾದ ಜಾಗ ಉಳಿಯುವುದು ಮೂರು ಕಡೆ: ಮೆಟ್ಟಿಲ ಕೆಳಗಿನ ಮೂಲೆ, ತಾರಸಿ, ಗೇಟಿನ ಮುಂದೆ ಮೋರಿಗೆ ಹಾಸಿದ ಚಪ್ಪಡಿ. ಬೊಮ್ಮಸಂದ್ರ, ಜಿಗಣಿ, ಎಲೆಕ್ಟ್ರಾನಿಕ್ ಸಿಟಿಯಿಂದ ಕೆಲಸ ಮುಗಿಸಿ ಬಂದವರು ಸಂಜೆ ಗಾಳಿಗೆ ಕೂರುವುದು ಇಲ್ಲೇ. ಈಚೆಗೆ ಈ ಜಾಗಗಳನ್ನು ಕಡಿಮೆ ಖರ್ಚಿನಲ್ಲಿ, ಸ್ವಂತ ಕೈಯಿಂದ ಚೆಂದ ಮಾಡಿಕೊಳ್ಳುವ ಹುರುಪು ಬೀದಿ ಬೀದಿಯಲ್ಲೂ ಕಾಣುತ್ತಿದೆ. ಬಣ್ಣ ಬಳಿದ ಟೈರು, ಪ್ಯಾಲೆಟ್ಟಿನ ಬೆಂಚು, ಬಾಟಲಿಯ ತೋರಣ, ಪೇಂಟ್ ಡಬ್ಬದ ಕುಂಡ, ಪ್ಲಾಸ್ಟಿಕ್ ಹುಲ್ಲಿನ ಹಾಸು.

ಈ ಹುರುಪು ನನಗೆ ತುಂಬ ಇಷ್ಟ. ವಾರವೆಲ್ಲ ದುಡಿದವರು ಭಾನುವಾರ ಬ್ರಷ್ ಹಿಡಿದು ಕೂತಾಗ, ಬಾಡಿಗೆ ಮನೆಯೂ ಅಷ್ಟು ಹೊತ್ತು ಅವರದೇ ಆಗುತ್ತದೆ. ಹಾಗೆಂದು ಮಾಡಿದ್ದನ್ನೆಲ್ಲ ಮೆಚ್ಚಿಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಎರಡು ಮಳೆಗಾಲ ಕಳೆದ ಮೇಲೂ ಅಲ್ಲಿ ಯಾರಾದರೂ ಬಂದು ಕೂರುತ್ತಾರೆಯೇ ಎಂದು ನೋಡುತ್ತೇನೆ. ಮೊದಲ ದಿನದ ಫೋಟೋದಲ್ಲಿ ಎಲ್ಲವೂ ಚೆಂದವೇ.

ಪ್ಯಾಲೆಟ್ಟಿನಿಂದ ಶುರು ಮಾಡುತ್ತೇನೆ, ಏಕೆಂದರೆ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ನಮಗೆ ಅಗ್ಗಕ್ಕೆ ಸಿಗುವ ಮರ ಅದು. ಯಂತ್ರವನ್ನೋ ಬಿಡಿಭಾಗವನ್ನೋ ಹೊತ್ತು ಬಂದ ಹಲಗೆಯ ಚೌಕಟ್ಟು ಕೊನೆಗೆ ಗುಜರಿ ಅಂಗಡಿ ಸೇರುತ್ತದೆ. ನಾನೂ ಎರಡು ಪ್ಯಾಲೆಟ್ ತಂದು ಗೇಟಿನ ಪಕ್ಕಕ್ಕೆ ಬೆಂಚು ಮಾಡಿದ್ದೆ. ಮರಕ್ಕೆ ಕೊಟ್ಟಿದ್ದು 600 ರೂಪಾಯಿ. ಉಪ್ಪುಕಾಗದ, ಪ್ರೈಮರ್, ಎನಾಮಲ್ ಪೇಂಟ್, ಸ್ಪಂಜಿನ ಕುಶನ್ ಸೇರಿ ಲೆಕ್ಕ ಮುಗಿಯುವ ಹೊತ್ತಿಗೆ 2,800. ಬೇಸಿಗೆಯಲ್ಲಿ ಚೆನ್ನಾಗಿತ್ತು. ಬೆಂಗಳೂರಿನ ಸುತ್ತ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆ ಎರಡು ತಿಂಗಳಲ್ಲಿ ಮೊಳೆಯ ತಲೆಗಳು ತುಕ್ಕು ಹಿಡಿದು, ಬಣ್ಣದ ಮೇಲೆ ಕಂದು ಗೆರೆ ಇಳಿಯಿತು. ಮುಂದಿನ ವರ್ಷ ಕಾಲಿನ ಹಲಗೆಯನ್ನು ಬೆರಳಿಂದ ಒತ್ತಿದರೆ ಒಳಗೆ ಪೊಳ್ಳು. ಬಣ್ಣ ಹಾಗೇ ಇತ್ತು, ಹಿಂದಿದ್ದ ಮರವನ್ನು ಗೆದ್ದಲು ತಿಂದು ಮುಗಿಸಿತ್ತು.

ಪ್ಯಾಲೆಟ್ಟಿನ ಬದಿಗೆ ತೆನೆಯ ಗುರುತಿರುವ ಒಂದು ಮುದ್ರೆ ಒತ್ತಿರುತ್ತಾರೆ. ಅದರಲ್ಲಿ ‘ಎಚ್‌ಟಿ’ ಎಂದಿದ್ದರೆ ಹೊರಗಿಡಲು ಹದ ಮಾಡಿದ ಮರ ಎಂದು ಬಹಳ ಜನ ನಂಬಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಆ ಅಕ್ಷರಗಳ ಅರ್ಥ ಇಷ್ಟೇ: ಒಂದು ದೇಶದ ಹುಳ ಇನ್ನೊಂದು ದೇಶಕ್ಕೆ ಹೋಗಬಾರದೆಂದು ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ಮುಟ್ಟಿ 30 ನಿಮಿಷ ಇರುವಂತೆ ಕಾಯಿಸಿದ್ದಾರೆ. ಆಗ ಒಳಗಿದ್ದ ಹುಳ ಸಾಯುತ್ತದೆ. ನಾಳೆ ಬರುವ ಗೆದ್ದಲಿಗೂ ಮಳೆಗೂ ಅದು ಯಾವ ತಡೆಯೂ ಅಲ್ಲ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಅನಿಲ ಹಾಯಿಸಿದ ಮರ. ಅದನ್ನು ಕೂರುವ ಜಾಗಕ್ಕೂ ಸೊಪ್ಪು ಬೆಳೆಯುವ ಮಡಿಗೂ ತರಲೇಬಾರದು. ಮಳೆ ಬೀಳದ ಮೆಟ್ಟಿಲ ಕೆಳಗೆ, ನಾಲ್ಕು ಇಟ್ಟಿಗೆಯ ಮೇಲೆ ಎತ್ತಿಟ್ಟರೆ ಪ್ಯಾಲೆಟ್ ಬೆಂಚು ಬಾಳುತ್ತದೆ. ಮೊಳೆ ಹೊಡೆಯಲು ಮಾಲೀಕರು ಬಿಡದ ಬಾಡಿಗೆ ಮನೆಯವರಿಗೆ, ಮನೆ ಬದಲಿಸುವಾಗ ಲಗೇಜ್ ಆಟೋಗೆ ಏರಿಸಿ ಒಯ್ಯಬಹುದಾದ ಸಾಮಾನದು. ಬಯಲಿಗೆ ಮಾತ್ರ ಬೇಡ.

ಟೈರಿನ ಬಗ್ಗೆ ನನ್ನ ಮಾತು ಖಡಾಖಂಡಿತ: ಮನೆಯ ಮುಂದೆ ಇಡಬೇಡಿ. ಹೆದ್ದಾರಿಯ ಊರಲ್ಲಿ ಲಾರಿ ಟೈರಿಗೆ ಬರವಿಲ್ಲ, ಹಳದಿ ನೀಲಿ ಬಳಿದು ಕ್ರೋಟನ್ ನೆಟ್ಟರೆ ಕಣ್ಣಿಗೆ ಹಬ್ಬವೇ. ಆದರೆ ಒಳಸುತ್ತಿನ ಮಡಿಕೆಯಲ್ಲಿ ನಿಂತ ನೀರು ಟೈರನ್ನು ಹೇಗೆ ವಾಲಿಸಿದರೂ ಪೂರ್ತಿ ಖಾಲಿಯಾಗದು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದ್ದು ಇಂಥದೇ ನೆರಳಿನ ನೀರು. ಅದರ ಮೊಟ್ಟೆ ಒಣಗಿದ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಕಾಯುತ್ತದೆ. ನೀರು ಬಿದ್ದು ಮೊಟ್ಟೆ ಒಡೆದ ವಾರ–ಹತ್ತು ದಿನಕ್ಕೆ ಸೊಳ್ಳೆ ಹಾರುತ್ತದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು. ಸುತ್ತಲೂ ತೂತು ಕೊರೆದು, ಮಣ್ಣನ್ನು ಅಂಚಿನವರೆಗೆ ಗಿಡಿದು ತುಂಬಿದರೆ ಸರಿ ಎನ್ನುವವರಿದ್ದಾರೆ. ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಒಂದೇ ಮನೆಯಲ್ಲಿ.

ಕಸದಿಂದ ಚೆಲುವು ಹುಟ್ಟಿಸಬಾರದು ಎಂಬುದು ನನ್ನ ವಾದವಲ್ಲ. ಚಂಡೀಗಢದಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ 1957ರಿಂದ ಯಾರಿಗೂ ತಿಳಿಯದಂತೆ ಒಡೆದ ಪಿಂಗಾಣಿ, ಬಳೆ ಚೂರು, ಕಲ್ಲು ಕೂಡಿಸುತ್ತ ಹೋದರು. 1976ರಲ್ಲಿ ಅದು ರಾಕ್ ಗಾರ್ಡನ್ ಎಂದು ಜನರಿಗೆ ತೆರೆಯಿತು. ಅವರು ಬಳಸಿದ್ದೂ ಊರಿನ ಕಸವನ್ನೇ, ಬಿಸಿಲು ಮಳೆಯನ್ನು ತಡೆಯುವ ಕಸವನ್ನು. ನಮ್ಮ ಸುತ್ತ ಬೀಳುವ ಕಸದಲ್ಲಿ ಅಂಥದ್ದು ಯಾವುದು ಎಂದು ಕೇಳಿಕೊಂಡರೆ ಉತ್ತರ ಕಣ್ಣೆದುರೇ ಇದೆ. ಕಲ್ಲು.

ಚಂದಾಪುರ ದಾಟಿ ಜಿಗಣಿ ಕಡೆ ಹೋದರೆ ಗ್ರಾನೈಟ್ ಕುಯ್ಯುವ ಕಾರ್ಖಾನೆಗಳು ಸಾಲುಸಾಲು. ಬ್ಲಾಕುಗಳು ದೂರದೂರದಿಂದ ಬರುತ್ತವೆ, ಕುಯ್ದಾದ ಮೇಲೆ ಅಂಚಿನ ತುಂಡುಗಳು ಇಲ್ಲೇ ಉಳಿಯುತ್ತವೆ. ಅಡುಗೆ ಕಟ್ಟೆಗೆ ಸಾಲದ ಅಳತೆಯ ಪೀಸುಗಳನ್ನು ಗುಡ್ಡೆ ಹಾಕಿರುತ್ತಾರೆ. ಕೇಳಿದರೆ ಅಗ್ಗಕ್ಕೆ ಕೊಡುತ್ತಾರೆ. ಗೆದ್ದಲು ಬಿದ್ದ ಬೆಂಚನ್ನು ಒಲೆಗೆ ಹಾಕಿದ ಮೇಲೆ ನಾನು ತಂದದ್ದು ಅಂಥದೇ ತುಂಡು: ನಾಲ್ಕಡಿ ಉದ್ದ, ಒಂದೂಕಾಲಡಿ ಅಗಲ, 18 ಮಿ.ಮೀ. ದಪ್ಪ. ತೂಕ 22 ಕಿಲೋ ಆಸುಪಾಸು, ಇಬ್ಬರು ಹಿಡಿದರೆ ಆರಾಮ. ಎರಡು ಕಡೆ ಸೈಜುಗಲ್ಲು ನಿಲ್ಲಿಸಿ ಮೇಲೆ ಕೂರಿಸುವಾಗ ಬೀದಿಯ ಕೊನೆಯ ಮನೆ ಕಟ್ಟುತ್ತಿದ್ದ ಮೇಸ್ತ್ರಿ ನಿಂತು ನೋಡಿದರು. “ಅಣ್ಣ, ಕಲ್ಲು ಎರಡನ್ನೂ ತುದಿಗೆ ಇಡ್ಬೇಡಿ. ಒಳಗೆ ತನ್ನಿ. ಇಲ್ಲಾಂದ್ರೆ ದಪ್ಪ ಇರೋರು ಮಧ್ಯದಲ್ಲಿ ಕೂತ್ರೆ ಟಕ್ ಅಂತದೆ.” ಅಂದಂತೆ ಎರಡೂ ಕಡೆ ಮುಕ್ಕಾಲು ಅಡಿ ಒಳಕ್ಕೆ ತಂದೆ. ಪಾಲಿಶ್ ಮುಖವನ್ನು ಕೆಳಗೆ ಮಾಡಿ ಗರಗಸದ ಗೆರೆಯಿರುವ ಒರಟು ಮುಖವನ್ನು ಮೇಲಿಟ್ಟದ್ದೂ ಅವರದೇ ಸಲಹೆ, ಮಳೆಯಲ್ಲಿ ಜಾರದಿರಲೆಂದು. ನಡೆಯುವ ದಾರಿಗೆ ತುಂಡು ಹಾಸುವವರಿಗೂ ಇದೇ ಮಾತು. ಕರಿ ಗ್ರಾನೈಟ್ ಮಾತ್ರ ಬಯಲಿಗೆ ಬೇಡ, ಏಪ್ರಿಲಿನ ಮಧ್ಯಾಹ್ನ ಕಾಲಿಡಲಾಗದು.

ಆ ಬೆಂಚಿಗೆ ಈಗ ಮೂರನೆಯ ಮಳೆಗಾಲ. ಬಣ್ಣ ಬಳಿಯಲಿಲ್ಲ, ಕುಶನ್ ಇಡಲಿಲ್ಲ. ಹಾಲಿನವನು ಕ್ಯಾನ್ ಇಳಿಸುವುದು ಅದರ ಮೇಲೆ, ಮಕ್ಕಳು ಹೋಂವರ್ಕ್ ಬರೆಯುವುದು ಅದರ ಮೇಲೆ.

ಇದೇನೂ ಹೊಸದಲ್ಲ. ಆನೇಕಲ್, ಸರ್ಜಾಪುರ ಕಡೆಯ ಹಳೆಯ ಮನೆಗಳ ಜಗುಲಿಗೆ ಚಪ್ಪಡಿ ಹಾಸುತ್ತಿದ್ದರು, ಆಮೇಲೆ ಸಿಮೆಂಟಿಗೆ ರೆಡ್ ಆಕ್ಸೈಡ್ ಬೆರೆಸಿ ಕರಣೆಯಲ್ಲಿ ತಿಕ್ಕಿ ನುಣುಪು ಮಾಡುತ್ತಿದ್ದರು. ಜಗುಲಿಯ ಚೆಲುವು ಇದ್ದದ್ದು ಅದರ ಎತ್ತರದಲ್ಲಿ. ದಾರಿಹೋಕರು ಬುಟ್ಟಿ ಇಳಿಸಿ ಕೂರಲು, ಎದ್ದು ಮತ್ತೆ ತಲೆಗೇರಿಸಿಕೊಳ್ಳಲು ಹದವಾದ ಎತ್ತರ. ಇವತ್ತು ವಿಡಿಯೋ ನೋಡಿ ಮಾಡುವ ಅಲಂಕಾರದಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದೇ. ಅವುಗಳಲ್ಲಿ ಹೆಚ್ಚಿನವು ಮನೆಯ ಹಿಂದೆ ವಿಶಾಲ ಹಿತ್ತಲಿರುವ ದೇಶಗಳಲ್ಲಿ ಹುಟ್ಟಿದವು, ಮನೆಯವರು ಮಾತ್ರ ಕೂರುವ ಏಕಾಂತಕ್ಕೆ ಹೊಂದುವಂಥವು. ನಮ್ಮದು ಬೀದಿಗೆ ಮುಖ ಮಾಡಿದ ಜಾಗ.

ಆ ಕಾರಣಕ್ಕೇ ಮೋರಿಯ ಚಪ್ಪಡಿಯನ್ನು ಸಿಂಗರಿಸಿದವರೆಂದರೆ ನನಗೆ ಹೆಚ್ಚು ಗೌರವ. ಒಡೆದ ಟೈಲ್ಸ್ ಚೂರುಗಳನ್ನು ಬಿಳಿ ಸಿಮೆಂಟಿನಲ್ಲಿ ಕೂರಿಸಿ ಹೂವಿನ ಚಿತ್ತಾರ ಬಿಡಿಸಿದ ಮನೆಯೊಂದು ನಮ್ಮ ಹಿಂದಿನ ಬೀದಿಯಲ್ಲಿದೆ. ಕೈಕೆಲಸ ಅಂದವಾಗಿದೆ. ತಪ್ಪಾದದ್ದು ಒಂದೇ ಕಡೆ: ಚಿತ್ತಾರ ಒಡೆಯಬಾರದೆಂದು ಚಪ್ಪಡಿಗಳ ಸಂದನ್ನೂ ಸಿಮೆಂಟಿನಿಂದ ಮುಚ್ಚಿಬಿಟ್ಟರು. ಕಟ್ಟಿಕೊಂಡ ಹೂಳು ತೆಗೆಯಲು ಬಂದವರು ಗುದ್ದಲಿಯಲ್ಲಿ ಹೂವಿನ ನಡುವೆಯೇ ಒಡೆದರು. ಮೋರಿಯ ಮೇಲಿನ ಕಲ್ಲು ಎತ್ತಲು ಬರುವಂತಿರಬೇಕು. ಒಂದೊಂದು ಚಪ್ಪಡಿಗೂ ಬೇರೆ ಬೇರೆ ಹೂ ಬಿಡಿಸಿ ನಡುವೆ ಬೆರಳಷ್ಟು ಸಂದು ಬಿಟ್ಟಿದ್ದರೆ ಆ ಕೆಲಸ ಇಂದಿಗೂ ಉಳಿದಿರುತ್ತಿತ್ತು. ಬೆಳಿಗ್ಗೆ ನೀರು ಚಿಮುಕಿಸಿ ಚುಕ್ಕಿ ರಂಗೋಲಿ ಬಿಡುವವರು ಇದನ್ನು ತಿಳಿದೇ ಇದ್ದಾರೆ, ಒಡೆಯುವ ಭಯವಿಲ್ಲದ ಅಲಂಕಾರ ಅವರದು.

ತಾರಸಿಯಲ್ಲಿ ಬೇರೆ ಅಪಾಯವಿದೆ. 200 ಲೀಟರಿನ ನೀಲಿ ಡ್ರಮ್ಮನ್ನು ಅಡ್ಡ ಕುಯ್ದು ಮಣ್ಣು ತುಂಬಿದರೆ, ನೀರು ಕುಡಿದ ಅರ್ಧ ಡ್ರಮ್ಮು ಒಂದೂವರೆ ಕ್ವಿಂಟಲ್ ದಾಟುತ್ತದೆ. ಅದು ನಿಲ್ಲುವುದು ಮೂರು ಚದರ ಅಡಿಗೂ ಕಡಿಮೆ ಜಾಗದಲ್ಲಿ. ಓಡಾಡುವ ತಾರಸಿಗೆ ಚದರ ಮೀಟರಿಗೆ ಸುಮಾರು 150 ಕಿಲೋ ಲೆಕ್ಕ ಹಿಡಿದು ಕಟ್ಟುವುದು ವಾಡಿಕೆ. ಡ್ರಮ್ಮುಗಳನ್ನು ಗೋಡೆ, ತೊಲೆಯ ನೇರಕ್ಕೆ ಇಟ್ಟು, ಮಣ್ಣಿಗೆ ಅರ್ಧದಷ್ಟು ತೆಂಗಿನ ನಾರಿನ ಪುಡಿ ಬೆರೆಸಿದರೆ ಭಾರ ಇಳಿಯುತ್ತದೆ. ಶೀಟಿನ ಮನೆಯ ಮೇಲೆ ಯಾವುದೂ ಬೇಡ.

ಇನ್ನು ನೀರು, ಬಜೆಟ್ಟಿನಲ್ಲಿ ಯಾರೂ ಬರೆಯದ ಖರ್ಚು. ಆನೇಕಲ್ ತಾಲ್ಲೂಕು ಅಂತರ್ಜಲವನ್ನು ಮಿತಿಮೀರಿ ಎತ್ತಿದ ತಾಲ್ಲೂಕುಗಳ ಪಟ್ಟಿಯಲ್ಲಿದೆ, ಬೇಸಿಗೆಯಲ್ಲಿ ನಾವು ಕೊಳ್ಳುವುದು ಟ್ಯಾಂಕರ್ ನೀರು. ದಿನಕ್ಕೆರಡು ಸಲ ನೀರು ಬೇಡುವ ಫರ್ನ್ ನರ್ಸರಿಯಲ್ಲಿ 100 ರೂಪಾಯಿಗೆ ಸಿಕ್ಕರೂ ನನ್ನ ಲೆಕ್ಕದಲ್ಲಿ ದುಬಾರಿ. ದೊಡ್ಡಪತ್ರೆ, ಲೋಳೆಸರ, ಕಣಗಿಲೆ, ಟೇಬಲ್ ರೋಸ್ ಇವಕ್ಕೆ ದುಡ್ಡೇ ಬೇಡ. ಪಕ್ಕದ ಮನೆಯಲ್ಲಿ ಒಂದು ಕಡ್ಡಿಯನ್ನೋ ಮರಿಯನ್ನೋ ಕೇಳಿದರಾಯಿತು.

ನಮ್ಮ ಎದುರು ಮನೆಯ ಅಜ್ಜಿ ಬೇಸಿಗೆಯ ಸಂಜೆ ಐದೂವರೆಗೆ ಒಂದು ಚೊಂಬು ನೀರು ತಂದು ಮೋರಿಯ ಚಪ್ಪಡಿಯ ಮೇಲೆ ಸುರಿಯುತ್ತಾರೆ. ಕಾದ ಕಲ್ಲು ಆವಿಯಾಡಿ ತಣ್ಣಗಾಗುತ್ತದೆ, ಇಳಿದ ನೀರು ಅಂಚಿಗೆ ಇಟ್ಟ ತಳವಿಲ್ಲದ ಪೇಂಟ್ ಡಬ್ಬದ ದೊಡ್ಡಪತ್ರೆಗೆ ಹೋಗುತ್ತದೆ. ಕಂಪನಿಯ ಬಸ್ಸಿಳಿದು ಬರುವ ಹುಡುಗಿಯರನ್ನು ಅವರು ಕೂಗುವುದು ಆಗಲೇ: “ಬಾರವ್ವ, ಚಪ್ಪಲಿ ಬಿಟ್ಟು ಒಂದ್ಗಳಿಗೆ ಕೂತ್ಕೊ, ಕಲ್ಲು ತಣ್ಣಗಿದೆ.”