ಕಾಣೆಯಾದವರು ಯಾರು?

ಪತ್ರಿಕೆಗಳ ಮೂಲೆಯಲ್ಲಿ ಆಗಾಗ ಕಣ್ಣಿಗೆ ಬೀಳುವ ಪೊಲೀಸು ಪ್ರಕಟಣೆಯ ಮಾತನ್ನೇ ಹೆಸರಾಗಿ ಪಡೆದ ಚಿತ್ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಶ್ರೀ ಹೇಮಂತ್ ಎಂ. ರಾವ್ ಅವರ ನಿರ್ದೇಶನದಲ್ಲಿ 2016ರಲ್ಲಿ ತೆರೆಕಂಡ ಈ ಚಿತ್ರದ ವೆಂಕೋಬರಾಯರು ಅಲ್‌ಝೈಮರ್ ರೋಗಿ, ವಿಧುರರು. ಬೆಂಗಳೂರಿನ ಆರೈಕೆ ಕೇಂದ್ರವೊಂದರಲ್ಲಿ ಅವರ ವಾಸ. ಮಗ ಶಿವ ಮುಂಬಯಿಯ ನೌಕರಿಯಲ್ಲಿ ಮುಳುಗಿದವನು. ಅವನ ಅಲಕ್ಷ್ಯದಿಂದ ಒಂದು ದಿನ ತಂದೆ ಕಾಣೆಯಾಗುತ್ತಾರೆ.

ಮುಪ್ಪಿನ ಮರೆವನ್ನು ‘ಅರವತ್ತಕ್ಕೆ ಅರಳು ಮರಳು’ ಎಂದು ನಕ್ಕು ಬಿಡುವುದು ನಮ್ಮ ರೂಢಿ. ಬೇಂದ್ರೆಯವರು ಅದೇ ಮಾತಿನಿಂದ ಮರಳಿ ಅರಳುವ ಅರ್ಥವನ್ನು ಹೊಮ್ಮಿಸಿ ತಮ್ಮ ಸಂಕಲನಕ್ಕೆ ಹೆಸರಿಟ್ಟರು; 1958ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಆದರೆ ಮೆದುಳನ್ನೇ ಸವೆಸುವ ಈ ರೋಗ ನಗೆಗೂ ನಿಲುಕದು, ಆ ಸಮಾಧಾನಕ್ಕೂ ನಿಲುಕದು. ಅದನ್ನು ರೋಗವೆಂದೇ ಗೌರವದಿಂದ ಕಂಡುದು ಈ ಚಿತ್ರದ ಮೊದಲ ಗುಣ. ಶ್ರೀ ಅನಂತನಾಗ್ ಅವರ ಅಭಿನಯ ಕನಿಕರವನ್ನು ಬೇಡುವುದಿಲ್ಲ. ಮರೆತವರಿಗೂ ಒಂದು ಘನತೆ ಉಂಟೆಂಬುದನ್ನು ಅದು ತೋರಿಸುತ್ತದೆ.

ಎರಡನೆಯ ಗುಣ ಇನ್ನೂ ದೊಡ್ಡದು. ತಂದೆಯನ್ನು ಹುಡುಕಹೊರಟ ಮಗನಿಗೆ ಅವರ ಗುರುತು ಹೇಳಲು ಬಣ್ಣ, ಮೈಕಟ್ಟುಗಳ ಹೊರತು ಹೆಚ್ಚೇನೂ ತಿಳಿಯದು. ಆರೈಕೆ ಕೇಂದ್ರದ ವೈದ್ಯೆ ಸಹನಾ ಬಲ್ಲಷ್ಟೂ ಅವನು ಬಲ್ಲವನಲ್ಲ. ತಂದೆ ಮಗನನ್ನು ಮರೆಯುವ ಮೊದಲೇ ಮಗ ತಂದೆಯನ್ನು ಮರೆತಿದ್ದ. ನಗರದ ಪ್ರೇಕ್ಷಕನಿಗೆ ಚುಚ್ಚುವ ಮಾತಿದು; ಚುಚ್ಚಬೇಕಾದ ಮಾತೂ ಹೌದು.

ಇಷ್ಟು ಕಂಡ ನಿರ್ದೇಶಕರು ಪಾತಕಿಗಳ ಬೆನ್ನಟ್ಟುವ ಕಥೆಗೆ ಅಷ್ಟೊಂದು ಎಡೆ ಕೊಟ್ಟುದು ವಿಷಾದನೀಯ. ಅಪ್ಪನನ್ನು ಹುಡುಕುವ ಕಷ್ಟ ಕೆಲವು ದಿನಗಳದು. ಮನೆಯಲ್ಲಿ ಇಟ್ಟುಕೊಂಡು ನೋಡುವ ಕಷ್ಟ ವರ್ಷಗಳದು. ಒಂದೇ ಪ್ರಶ್ನೆ ಹತ್ತನೆಯ ಸಲ ಬಂದಾಗ ರೇಗುವುದು, ರೇಗಿದುದಕ್ಕಾಗಿ ರಾತ್ರಿಯೆಲ್ಲ ನೋಯುವುದು, ಹೆತ್ತ ತಾಯಿಯೇ ‘ನೀನು ಯಾರಪ್ಪ?’ ಎಂದಾಗ ಬದುಕಿರುವವರಿಗಾಗಿಯೇ ಅಳುವುದು — ಚಿತ್ರದಲ್ಲಿ ಇದಕ್ಕೆ ಸಾಕಷ್ಟು ಸ್ಥಳವಿಲ್ಲ.

ಮಧುಗಿರಿ ತಾಲ್ಲೂಕಿನ ಪುರವರದಂಥ ಹೋಬಳಿ ಊರಿನಲ್ಲಿ ಈ ಕಥೆ ನಡೆದಿದ್ದರೆ? ದಾರಿ ತಪ್ಪಿದ ಮುದುಕರನ್ನು ಕಂಡವರು ‘ಇಂಥವರ ಮನೆಯ ಅಜ್ಜ’ ಎಂದು ಕೈಹಿಡಿದು ತಂದು ಬಿಟ್ಟಾರು. ಪ್ರಕಟಣೆಯ ಅಗತ್ಯವೇ ಬೀಳದಿರಬಹುದು. ಹಾಗೆಂದು ಹಳ್ಳಿಯನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಊರು ಅಜ್ಜನನ್ನು ಹೊಸ್ತಿಲವರೆಗೆ ತಂದುಬಿಟ್ಟೀತು; ಒಳಗೆ ಸ್ನಾನ, ಊಟ, ನಿದ್ದೆಗೆಟ್ಟ ರಾತ್ರಿ ಬಹುಮಟ್ಟಿಗೆ ಒಬ್ಬಳೇ ಸೊಸೆಯ ಪಾಲು. ಮಕ್ಕಳು ಬೆಂಗಳೂರು ಸೇರಿದ ಮನೆಗಳಲ್ಲಿ ಅವಳೂ ಇಲ್ಲ, ಆರೈಕೆ ಕೇಂದ್ರವೂ ಇಲ್ಲ. ಆ ಸೊಸೆಯ ದಣಿವು, ಸಿಡುಕು, ಮಮತೆಗಳನ್ನು ಕನ್ನಡ ಚಿತ್ರ ಇನ್ನೂ ತುಂಬು ಮನಸ್ಸಿನಿಂದ ಕಾಣಬೇಕಾಗಿದೆ.

ಕೊರತೆಗಳಿದ್ದರೂ ಇದು ನೋಡಲೇಬೇಕಾದ ಚಿತ್ರ. ನೋಡಿದವರು ತಮ್ಮ ತಂದೆತಾಯಿಗಳ ಬಗ್ಗೆ, ಬಣ್ಣ ಮೈಕಟ್ಟುಗಳನ್ನು ಬಿಟ್ಟು, ಹತ್ತು ಮಾತು ಬರೆಯಬಲ್ಲೆವೇ ಎಂದು ಕೇಳಿಕೊಂಡರೆ ನಿರ್ದೇಶಕರ ಶ್ರಮ ಸಾರ್ಥಕ. ಹೇಳುವವರಿಗೆ ನೆನಪಿರುವಾಗಲೇ ಕೇಳಿಕೊಳ್ಳುವುದು ಲೇಸು.