ದಾನದ ದನಕ್ಕೂ ಹಲ್ಲುಂಟು

ದಾನಕ್ಕೆ ಬಂದ ದನದ ಹಲ್ಲು ಎಣಿಸಬಾರದೆಂದು ಗಾದೆ. ಬಿಲ್ ಗೇಟ್ಸ್ 2025ರಲ್ಲಿ ಹೊರತಂದ ಆತ್ಮಕಥೆ ‘ಸೋರ್ಸ್ ಕೋಡ್’ ಓದಿ ಮುಗಿಸಿದ ಮೇಲೆ ಈ ಗಾದೆಯೊಡನೆ ಒಂದಿಷ್ಟು ಜಗಳವಾಡಬೇಕೆನ್ನಿಸಿತು ನನಗೆ.

ಪುಸ್ತಕವೇನೋ ಸರಾಗವಾಗಿ ಓದಿಸಿಕೊಳ್ಳುತ್ತದೆ. ಸಿಯಾಟಲ್ ನಗರದ ಅನುಕೂಲಸ್ಥರ ಮನೆ, ಇಸ್ಪೀಟಾಟದಲ್ಲಿ ಮೊಮ್ಮಗನನ್ನು ಸೋಲಿಸುವ ಅಜ್ಜಿ, ಹಟಮಾರಿ ಹುಡುಗನನ್ನು ಹಾದಿಗೆ ತರಲು ಹೆಣಗುವ ತಾಯಿ ಮೇರಿ, ಬೆಟ್ಟ ಹತ್ತಲು ಹೋಗಿ ಎಳೆವಯಸ್ಸಿಗೇ ತೀರಿಕೊಂಡ ಗೆಳೆಯ ಕೆಂಟ್ – ಎಲ್ಲರೂ ಕಣ್ಣಿಗೆ ಕಟ್ಟುತ್ತಾರೆ. ಶ್ರೀಮಂತ ದೇಶದಲ್ಲಿ, ಬಿಳಿಯ ಗಂಡಾಗಿ ಹುಟ್ಟಿದ್ದು ತನ್ನ ದೊಡ್ಡ ಅದೃಷ್ಟವೆಂದು ಒಪ್ಪುವ ಪ್ರಾಮಾಣಿಕತೆಯೂ ಇದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. 1968ರಲ್ಲಿ ಅವರ ಲೇಕ್‌ಸೈಡ್ ಶಾಲೆಗೆ ಕಂಪ್ಯೂಟರ್ ಸಂಪರ್ಕದ ಯಂತ್ರ ಬಂದದ್ದು ತಾಯಂದಿರ ಸಂಘದ ಹಣದಿಂದ. ಹಳೆಯ ಸಾಮಾನು ಮಾರಿ ಕೂಡಿಸಿದ ದುಡ್ಡು. ನಮ್ಮ ಊರುಗಳ ಮಹಿಳಾ ಸಮಾಜದವರು ಬಾಲವಾಡಿಗೆ ಚಾಪೆ ಕೊಡಿಸುತ್ತಿದ್ದರಲ್ಲ, ಹಾಗೆ! ಆಗ ಅದು ಹುಡುಗರದೇ ಶಾಲೆ. ಹುಡುಗಿಯರಿಗೆ ಬಾಗಿಲು ತೆರೆದದ್ದು 1971ರಲ್ಲಿ. ತಾಯಂದಿರ ದುಡ್ಡು, ಗಂಡುಮಕ್ಕಳ ಭಾಗ್ಯ.

ಮೂರು ಸಂಪುಟಗಳಲ್ಲಿ ಮೊದಲನೆಯದಾದ ಈ ಪುಸ್ತಕ ಮೈಕ್ರೋಸಾಫ್ಟ್‌ನ ಎಳವೆಗೇ ನಿಲ್ಲುತ್ತದೆ. ಕಷ್ಟದ ಪ್ರಶ್ನೆಗಳೆಲ್ಲ ಆಮೇಲಿನವು. 1998ರಲ್ಲಿ ಅಮೆರಿಕದ ಸರ್ಕಾರವೇ ಕಂಪೆನಿಯ ಮೇಲೆ ಮೊಕದ್ದಮೆ ಹೂಡಿತು. ಕಂಪೆನಿಯನ್ನು ಎರಡಾಗಿ ಒಡೆಯಬೇಕೆಂದು 2000ದಲ್ಲಿ ಬಂದ ತೀರ್ಪನ್ನು ಮರುವರ್ಷ ಮೇಲಿನ ನ್ಯಾಯಾಲಯ ತಳ್ಳಿಹಾಕಿತಾದರೂ, ಏಕಸ್ವಾಮ್ಯ ಉಳಿಸಿಕೊಳ್ಳಲು ಕಾನೂನು ಮುರಿದದ್ದು ನಿಜವೆಂದಿತು. ಗೇಟ್ಸ್ ಪ್ರತಿಷ್ಠಾನ ಆರಂಭವಾದದ್ದೂ 2000ದಲ್ಲೇ. ಪಾಪ ತೊಳೆಯಲು ಮಾಡಿದ ದಾನ ಎಂದವರುಂಟು. ನನಗೆ ಆ ವಾದ ಮುಖ್ಯವೆನಿಸುವುದಿಲ್ಲ. ಮಗುವಿನ ಬಾಯಿಗೆ ಬಿದ್ದ ಪೋಲಿಯೋ ಹನಿ ದಾನಿಯ ಮನಸ್ಸಿನಲ್ಲೇನಿತ್ತೆಂದು ಕೇಳುವುದಿಲ್ಲ. 2014ರಲ್ಲಿ ಭಾರತ ಪೋಲಿಯೋಮುಕ್ತವೆನಿಸಿತು. ಆ ದುಡಿಮೆಯಲ್ಲಿ ಈ ಪ್ರತಿಷ್ಠಾನದ ಪಾಲೂ ಇದೆ.

ನಾನು ಎಣಿಸುವ ಹಲ್ಲು ಬೇರೆ: ಪಡೆಯುವವರನ್ನು ಕೇಳಿ ಕೊಟ್ಟರೇ?

2009ರಲ್ಲಿ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಹತ್ತರಿಂದ ಹದಿನಾಲ್ಕು ವರ್ಷದ ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ ಹಾಕಿದರು. ನಡೆಸಿದ್ದು ‘ಪಾತ್’ ಸಂಸ್ಥೆ, ಹಣ ಗೇಟ್ಸ್ ಪ್ರತಿಷ್ಠಾನದ್ದು. ಎಷ್ಟೋ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿದವರು ತಂದೆತಾಯಿಯರಲ್ಲ, ಹಾಸ್ಟೆಲ್ ವಾರ್ಡನ್‌ಗಳು, ಮುಖ್ಯೋಪಾಧ್ಯಾಯರು. ಕೆಲವು ಹುಡುಗಿಯರು ಸತ್ತಾಗ, 2010ರಲ್ಲಿ ಯೋಜನೆ ನಿಂತಿತು. ಸಾವಿಗೆ ಲಸಿಕೆ ಕಾರಣವೆಂದು ವಿಚಾರಣೆಯಲ್ಲಿ ಕಂಡುಬರಲಿಲ್ಲ. ಲಸಿಕೆ ಒಳ್ಳೆಯದೇ, ನಮ್ಮ ಹೆಣ್ಣುಮಕ್ಕಳಿಗೆ ಬೇಕಾದದ್ದೇ. ಆದರೆ ಒಪ್ಪಿಗೆ ಪಡೆದ ರೀತಿಯನ್ನು 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಟುವಾಗಿ ಖಂಡಿಸಿತು. ಬಡವರ ಮನೆಯ ಹುಡುಗಿಯ ಮೈಗೆ ಸೂಜಿ ಚುಚ್ಚಲು ವಾರ್ಡನ್ ರುಜು ಸಾಕೇ?

ಅದೇ ಥೈಲಿಯ ಹಣ ನಮ್ಮ ಮೈಸೂರಿಗೂ ಬಂದಿತ್ತು. 2003ರಲ್ಲಿ ಶುರುವಾದ ‘ಆವಾಹನ್’ ಎಂಬ ಏಡ್ಸ್ ತಡೆ ಯೋಜನೆ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ನಡೆಯಿತು. ಮೈಸೂರಿನಲ್ಲಿ ಲೈಂಗಿಕ ವೃತ್ತಿಯ ಹೆಂಗಸರೇ ಒಟ್ಟುಗೂಡಿ ‘ಆಶೋದಯ’ ಸಮಿತಿ ಕಟ್ಟಿಕೊಂಡರು. ತಮ್ಮಂಥವರ ಬಳಿಗೆ ತಾವೇ ಹೋದರು. ಸಮಾಜ ಮುಖ ತಿರುಗಿಸುವ ಹೆಂಗಸರನ್ನು ಕೇಳಿ ಮಾಡಿದಾಗ ದಾನಕ್ಕೆ ಬೇರೆಯೇ ಕಳೆ ಬಂತು. ಹಾಗಾದರೆ ಖಮ್ಮಂನಲ್ಲಿ ಯಾಕಾಗಲಿಲ್ಲ?

ಈ ಪ್ರಶ್ನೆ ಹಳೆಯದಾಗಿಲ್ಲ. 2045ರೊಳಗೆ 20,000 ಕೋಟಿ ಡಾಲರ್ ಖರ್ಚು ಮಾಡಿ ಪ್ರತಿಷ್ಠಾನವನ್ನು ಮುಚ್ಚುವುದಾಗಿ ಗೇಟ್ಸ್ 2025ರಲ್ಲಿ ಸಾರಿದರು. 2021ರಲ್ಲಿ ವಿಚ್ಛೇದನ ಪಡೆದ ಮೆಲಿಂಡಾ 2024ರಲ್ಲಿ ಅಲ್ಲಿಂದಲೂ ಹೊರನಡೆದರು. ಒಂದು ದೇಶದ ಬೊಕ್ಕಸದಷ್ಟು ಹಣ; ಆದರೆ ನಾವು ಓಟು ಹಾಕಿ ಇಳಿಸಬಹುದಾದ ಮಂತ್ರಿ ಅಲ್ಲಿಲ್ಲ. ಅಂಥ ಕಡೆ ಹಲ್ಲು ಎಣಿಸುವುದು ಕೃತಘ್ನತೆಯಾಗದು.

‘ಸೋರ್ಸ್ ಕೋಡ್’ ಓದಿ ಎಂದೇ ಹೇಳುತ್ತೇನೆ, ಆ ತಾಯಂದಿರ ಸಂಘಕ್ಕಾಗಿಯಾದರೂ. ಮುಂದಿನ ಸಂಪುಟಗಳು ಬಂದಾಗ ಖಮ್ಮಂ ಹಾಸ್ಟೆಲಿನ ಹುಡುಗಿಯರಿಗೆ ಒಂದು ಪುಟವಾದರೂ ಸಿಕ್ಕಿದೆಯೇ ಎಂದು ನಾನು ಮೊದಲು ಹುಡುಕುವೆ.