‘ಖಾಲಿ’ ಎಂಬ ಮಾತು: ಬುಟಿಬೋರಿಯ ನೆಲ ಮತ್ತು ಕುಗ್ಗುವ ನಗರದ ವಾದ

೧

ನಾಗಪುರದಿಂದ ದಕ್ಷಿಣಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು ೩೦ ಕಿಲೋಮೀಟರು ಸಾಗಿದರೆ ಬುಟಿಬೋರಿ ಸಿಕ್ಕುತ್ತದೆ. ನಾಗಪುರ–ವರ್ಧಾ ರೈಲುಮಾರ್ಗವೂ ಈ ಊರನ್ನು ಹಾದುಹೋಗುತ್ತದೆ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ಇಲ್ಲಿ ಎರಡು ಸಾವಿರ ಹೆಕ್ಟೇರಿಗೂ ಮಿಗಿಲಾದ ನೆಲವನ್ನು ಕೈಗಾರಿಕಾ ಕ್ಷೇತ್ರವೆಂದು ಗುರುತಿಸಿ, ರಸ್ತೆ ನೀರುಗಳ ಏರ್ಪಾಡು ಮಾಡಿ, ನಿವೇಶನಗಳಾಗಿ ವಿಂಗಡಿಸಿದೆ. ಏಷ್ಯದಲ್ಲಿಯೇ ಅತಿ ವಿಸ್ತಾರವಾದುದೆಂಬ ಬಿರುದು ಈ ಕ್ಷೇತ್ರಕ್ಕೆ ಬಹುಕಾಲದಿಂದ ಅಂಟಿಕೊಂಡಿದೆ. ಪಾಲಿಯೆಸ್ಟರ್ ನೂಲಿನ ಕಾರ್ಖಾನೆ, ಟಯರಿನ ಕಾರ್ಖಾನೆ ಮೊದಲಾದವು ಇಲ್ಲಿ ಕೆಲಸ ನಡೆಸಿವೆ. ಅವುಗಳ ನಡುವೆ, ಹಂಚಿಕೆಯಾಗಿಯೂ ಗೋಡೆ ಏಳದ ನಿವೇಶನಗಳಿವೆ. ಒಮ್ಮೆ ಎದ್ದು ನಿಂತು ಆಮೇಲೆ ಬಾಗಿಲು ಮುಚ್ಚಿದ ಘಟಕಗಳೂ ಇವೆ. ಕಡತಗಳ ಭಾಷೆಯಲ್ಲಿ ಇವೆಲ್ಲಕ್ಕೂ ಒಂದೇ ಹೆಸರು: ಖಾಲಿ ಜಾಗ.

ಈ ಒಂದು ಹೆಸರು ಎಷ್ಟು ಬಗೆಯ ನೆಲವನ್ನು ಮುಚ್ಚಿಡುತ್ತದೆಂಬುದೇ ಪ್ರಕೃತ ಲೇಖನದ ವಿಚಾರ. ಕೈಗಾರಿಕಾ ನಗರಗಳ ಇಳಿಗಾಲವನ್ನು ಕುರಿತು ಪಶ್ಚಿಮ ದೇಶಗಳಲ್ಲಿ ಬೆಳೆದಿರುವ ‘ಕುಗ್ಗುವ ನಗರ’ದ ವಾದವನ್ನು ನಮ್ಮ ನಾಡಿಗೆ ಅನ್ವಯಿಸುವ ಮೊದಲು, ಅದರ ಮೂಲಪದವನ್ನೇ ಒರೆಗೆ ಹಚ್ಚಿ ನೋಡುವುದು ಅವಶ್ಯಕ.

೨

‘ಕುಗ್ಗುವ ನಗರ’ವೆಂಬ ಮಾತನ್ನು ಶಾಸ್ತ್ರೀಯ ಚರ್ಚೆಗೆ ತಂದವರಲ್ಲಿ ಜರ್ಮನಿಯ ಸಮಾಜಶಾಸ್ತ್ರಜ್ಞರಾದ ಹಾರ್ಟ್‌ಮುಟ್ ಹಾಯ್ಸರ್‌ಮನ್ ಮತ್ತು ವಾಲ್ಟರ್ ಜೀಬೆಲ್ ಮುಖ್ಯರು. ೧೯೮೮ರಲ್ಲಿ ಅವರು ಪ್ರಕಟಿಸಿದ ಲೇಖನವೊಂದು, ನಗರವೆಂದರೆ ಬೆಳೆಯುವ ವಸ್ತುವೆಂಬ ನಂಬಿಕೆಯನ್ನೇ ಪ್ರಶ್ನಿಸಿತು. ಅಮೆರಿಕದ ಉದಾಹರಣೆಗಳು ಇನ್ನೂ ಸ್ಫುಟವಾದವು. ೧೯೫೦ರಲ್ಲಿ ಡೆಟ್ರಾಯಿಟಿನ ಜನಸಂಖ್ಯೆ ೧೮,೪೯,೫೬೮. ೨೦೧೦ರಲ್ಲಿ ಅದು ೭,೧೩,೭೭೭. ಉಕ್ಕಿನ ಊರಾದ ಯಂಗ್ಸ್‌ಟೌನಿನಲ್ಲಿ ೧೯೭೭ರ ಸೆಪ್ಟೆಂಬರಿನ ಒಂದು ಸೋಮವಾರ ದೊಡ್ಡ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ಸುದ್ದಿ ಬಂದ ಮೇಲೆ ಇಳಿಮುಖವು ನಿಲ್ಲಲೇ ಇಲ್ಲ. ೨೦೦೫ರಲ್ಲಿ ಆ ನಗರವು, ತಾನು ಚಿಕ್ಕದಾಗಿರುವುದನ್ನು ಒಪ್ಪಿಕೊಂಡು ಅದಕ್ಕೆ ತಕ್ಕಂತೆ ಬಾಳುವ ಯೋಜನೆಯೊಂದನ್ನು ಅಂಗೀಕರಿಸಿತು.

ಈ ವಾದದ ಗುಣವನ್ನು ಒಪ್ಪತಕ್ಕದ್ದೇ. ಬೆಳವಣಿಗೆಯ ಜಪದಲ್ಲಿ ಮುಳುಗಿದ್ದ ನಗರಯೋಜಕರಿಗೆ ಅದು ಇಳಿಮುಖವನ್ನು ನೇರವಾಗಿ ನೋಡುವ ಧೈರ್ಯ ಕೊಟ್ಟಿತು. ಆದರೆ ಅದರ ಅಳತೆಗೋಲು ಮುಖ್ಯವಾಗಿ ಜನಸಂಖ್ಯೆ. ಕಾರ್ಖಾನೆ ಮುಚ್ಚಿತು, ಜನ ಹೋದರು, ಮನೆ ಬಿದ್ದಿತು, ನೆಲ ಖಾಲಿಯಾಯಿತು. ಈ ಕ್ರಮ ತಪ್ಪಿದಲ್ಲಿ ಅಳತೆಗೋಲೂ ತಪ್ಪುತ್ತದೆ.

ನಾಗಪುರದಲ್ಲಿ ತಪ್ಪಿದ್ದು ಹೀಗೆಯೇ. ಜಮ್ಷೇಟ್‌ಜಿ ಟಾಟಾ ಅವರ ಎಂಪ್ರೆಸ್ ಗಿರಣಿ ೧೮೭೭ರ ಜನವರಿ ೧ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದ ದಿನವೇ, ಅಲ್ಲಿ ಆರಂಭವಾಯಿತು. ೧೯೮೬ರಲ್ಲಿ ಟಾಟಾ ಆಡಳಿತ ಕೊನೆಗೊಂಡು ರಾಜ್ಯ ಸರ್ಕಾರದ ಜವಳಿ ನಿಗಮದ ಕೈಸೇರಿದ ಗಿರಣಿಯು ೨೦೦೨ರಲ್ಲಿ ನಿಂತುಹೋಯಿತು. ಆದರೆ ೨೦೦೧ರ ಜನಗಣತಿಯಲ್ಲಿ ೨೦,೫೨,೦೬೬ ಇದ್ದ ನಗರದ ಜನಸಂಖ್ಯೆ ೨೦೧೧ರಲ್ಲಿ ೨೪,೦೫,೬೬೫ಕ್ಕೆ ಏರಿತು. ಗಿರಣಿಯ ನೆಲದಲ್ಲಿ ಮಾಲು, ವಸತಿ ಸಮುಚ್ಚಯಗಳು ಎದ್ದುವು. ಜನಗಣತಿಯನ್ನೇ ನಂಬುವವನಿಗೆ ನಾಗಪುರದಲ್ಲಿ ಇಳಿಗಾಲವೇ ಕಾಣದು. ಕುಗ್ಗಿದ್ದು ಊರಲ್ಲ, ಊರಿನೊಳಗಿನ ದುಡಿಮೆ. ನೂಲುವವನೂ ನೇಯುವವನೂ ಊರು ಬಿಟ್ಟು ಹೋಗಲಿಲ್ಲ. ಅವರ ಕಸುಬು ಹೋಯಿತು.

೩

ಇಲ್ಲಿ ಭಾಷೆಯ ಸಾಕ್ಷ್ಯವನ್ನು ಕೇಳುವುದು ಉಪಯುಕ್ತ. ಬಳಕೆಯಲ್ಲಿಲ್ಲದ ನೆಲವನ್ನು ಹೇಳಲು ಕನ್ನಡದಲ್ಲಿ ಒಂದೇ ಪದವಿಲ್ಲ. ಒಂದೊಂದು ಪದವೂ ಒಂದೊಂದು ಸಂಬಂಧವನ್ನು ಸೂಚಿಸುತ್ತದೆ. ‘ಬೀಳು’ ಎಂದರೆ ಉಳುಮೆ ನಿಂತ ನೆಲ. ಅದನ್ನು ಬೀಳು ಬಿಟ್ಟ ಒಕ್ಕಲು ಇದ್ದಾನೆ, ಅವನು ಮರಳಿ ಉಳಬಹುದು ಎಂಬ ಧ್ವನಿ ಅದರಲ್ಲಿದೆ. ‘ಪಾಳು’ ಎಂಬುದು ಒಮ್ಮೆ ಬಾಳಿ ಕೆಟ್ಟದ್ದಕ್ಕೆ ಸಲ್ಲುವ ಮಾತು; ಹಳಗನ್ನಡದ ‘ಪಾೞ್’ ಇಂದಿನ ‘ಹಾಳು’ ಆಗಿಯೂ ಉಳಿದಿದೆ. ‘ಖರಾಬು’ ಕಂದಾಯದ ಲೆಕ್ಕಕ್ಕೆ ಬಾರದ ನೆಲ. ಅದರಲ್ಲಿಯೂ ಸಾಗುವಳಿಗೆ ಒಗ್ಗದ ಖರಾಬು ಬೇರೆ, ದಾರಿ ಹಳ್ಳಗಳಂತೆ ಸಾರ್ವಜನಿಕರಿಗೆಂದು ಬಿಟ್ಟ ಖರಾಬು ಬೇರೆ. ಜನವಸತಿಯಿಲ್ಲದ ಗ್ರಾಮವನ್ನು ನಮ್ಮ ಕಂದಾಯ ದಾಖಲೆಗಳು ‘ಬೇಚರಾಕ್’ ಎನ್ನುತ್ತವೆ. ಪಾರಸಿ ಮೂಲದ ಈ ಮಾತಿಗೆ ದೀಪವಿಲ್ಲದ್ದು ಎಂದು ಅರ್ಥ.

ಬುಟಿಬೋರಿಯ ಸುತ್ತಲಿನ ರೈತರ ಮರಾಠಿಯೂ ಇಷ್ಟೇ ಸೂಕ್ಷ್ಮವಾದದ್ದು. ಬೀಳುನೆಲಕ್ಕೆ ಅಲ್ಲಿ ‘ಪಡೀತ್’ ಎನ್ನುತ್ತಾರೆ. ನಮ್ಮ ‘ಬೀಳು’ ಬಿದ್ದಿರುವುದನ್ನು ಹೇಳುವಂತೆ ಅದೂ ‘ಬೀಳುವುದು’ ಎಂಬ ಅರ್ಥದ ಧಾತುವಿನಿಂದಲೇ ಹುಟ್ಟಿದೆ. ‘ರಿಕಾಮಾ’ ಎಂಬ ಮತ್ತೊಂದು ಮಾತು ಬರಿದಾದ ಜಾಗಕ್ಕೂ ಕೆಲಸವಿಲ್ಲದ ಮನುಷ್ಯನಿಗೂ ಸಮಾನವಾಗಿ ಸಲ್ಲುತ್ತದೆ. ಕನ್ನಡಿಗರೂ ನಿರುದ್ಯೋಗಿಯನ್ನು ‘ಖಾಲಿ ಕುಳಿತಿದ್ದಾನೆ’ ಎನ್ನುವುದುಂಟು. ಜನದ ಮಾತಿನಲ್ಲಿ ನೆಲದ ಖಾಲಿತನವೂ ಮನುಷ್ಯನ ಖಾಲಿತನವೂ ಬೇರೆಬೇರೆಯಾಗಿಲ್ಲ. ಕಡತದ ಭಾಷೆ ಅವುಗಳನ್ನು ಬೇರ್ಪಡಿಸಿ, ನೆಲವನ್ನು ಮಾತ್ರ ಉಳಿಸಿಕೊಂಡು ಮನುಷ್ಯನನ್ನು ಕೈಬಿಟ್ಟಿದೆ.

೪

ಪದದ ವಿಚಾರವು ಬರಿಯ ಪಂಡಿತರ ವಿನೋದವಲ್ಲವೆಂಬುದಕ್ಕೆ ಮುಂಬಯಿಯ ಗಿರಣಿ ನೆಲಗಳೇ ನಿದರ್ಶನ. ೧೯೮೨ರ ಮಹಾಮುಷ್ಕರದ ತರುವಾಯ ಒಂದೊಂದಾಗಿ ಮುಚ್ಚಿದ ಗಿರಣಿಗಳ ನೆಲ ಸುಮಾರು ೬೦೦ ಎಕರೆ. ೧೯೯೧ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯ ೫೮ನೆಯ ನಿಯಮದ ಪ್ರಕಾರ ಇಂಥ ನೆಲದಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ನಗರದ ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಉಳಿದದ್ದು ಮಾಲೀಕನಿಗೆ ಸಲ್ಲಬೇಕಾಗಿತ್ತು. ೨೦೦೧ರ ತಿದ್ದುಪಡಿಯು, ಆಗಲೇ ಕಟ್ಟಡವಿಲ್ಲದೆ ತೆರೆದಿದ್ದ ನೆಲವನ್ನು ಮಾತ್ರ ಹಂಚಿದರೆ ಸಾಕೆಂದಿತು. ಗಿರಣಿಯ ಅಂಗಳದ ಬಹುಭಾಗವನ್ನು ಕಟ್ಟಡಗಳೇ ಆವರಿಸಿದ್ದುದರಿಂದ ಊರಿನ ಪಾಲು ಬಹಳ ಕುಸಿಯಿತು. ಕಟ್ಟಡ ಕೆಡವಿದ ಮೇಲೆ ತೆರೆಯುವ ನೆಲವೂ ಹಂಚಿಕೆಗೆ ಸೇರಬೇಕೆಂದು ೨೦೦೫ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. ೨೦೦೬ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಬಯಲೂ ಬಡವರ ಮನೆಯೂ ಎಷ್ಟಿರಬೇಕೆಂಬ ಪ್ರಶ್ನೆಯು, ಯಾವ ನೆಲವನ್ನು ತೆರೆದ ನೆಲವೆನ್ನಬೇಕೆಂಬ ಒಂದು ಮಾತಿನ ಅರ್ಥದ ಮೇಲೆ ತೀರ್ಮಾನವಾಯಿತು.

ಕರ್ನಾಟಕದಲ್ಲಿ ಇದರ ಇನ್ನೊಂದು ಮುಖ ಕೋಲಾರದ ಚಿನ್ನದ ಗಣಿ. ೧೮೮೦ರಲ್ಲಿ ಜಾನ್ ಟೇಲರ್ ಸಂಸ್ಥೆ ಕೈಹಾಕಿದ ಈ ಗಣಿಗೆ ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಚಾಂಪಿಯನ್ ರೀಫಿನ ಸುರಂಗ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ೨೦೦೧ರ ಫೆಬ್ರವರಿ ೨೮ರಂದು ಕೆಲಸ ನಿಂತಿತು. ಅಲ್ಲಿಯ ಸಾವಿರಾರು ಎಕರೆ ನೆಲವನ್ನು ಖಾಲಿಯೆನ್ನುವವರು, ಅದರ ಮೇಲಿರುವ ಸೈನೈಡ್ ದಿಬ್ಬಗಳನ್ನು ಎಣಿಸುವುದಿಲ್ಲ. ಅದಿರನ್ನು ಅರೆದು ಚಿನ್ನ ತೆಗೆದುಳಿದ ಮೂರು ಕೋಟಿ ಟನ್ನಿಗೂ ಮಿಗಿಲಾದ ಪುಡಿ ಅಲ್ಲಿ ಗುಡ್ಡೆಯಾಗಿದೆ. ಗಾಳಿ ಬೀಸಿದಾಗ ಅದರ ಧೂಳು ಮನೆಗಳ ಮೇಲೆ ಕೂರುತ್ತದೆ. ಲೈನು ಮನೆಗಳಲ್ಲಿ ಗಣಿಗಾರರ ಕುಟುಂಬಗಳು ಉಳಿದುವು. ಅವರ ಮಕ್ಕಳು ದಿನವೂ ರೈಲಿನಲ್ಲಿ ಸುಮಾರು ೧೦೦ ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗಿ ದುಡಿದು ಬರುತ್ತಾರೆ. ಅದು ಬೇಚರಾಕ್ ಅಲ್ಲ, ದೀಪವಿದೆ. ಬೀಳೂ ಅಲ್ಲ, ಮರಳಿ ಉಳುವವರಿಲ್ಲ. ಅದಕ್ಕೆ ಸಲ್ಲುವ ಮಾತು ‘ಪಾಳು’. ಒಮ್ಮೆ ಬಾಳಿದ್ದರ ನೆನಪೂ, ಕೆಡಿಸಿದವರ ಹೊಣೆಯೂ ಆ ಮಾತಿನೊಳಗಿವೆ.

೫

ಬುಟಿಬೋರಿಯ ಬಹುಪಾಲು ನೆಲಕ್ಕೆ ‘ಪಾಳು’ ಒಪ್ಪುವುದಿಲ್ಲ. ಪಾಳಾಗಬೇಕಾದರೆ ಮೊದಲು ಬಾಳಿರಬೇಕು. ೬೦೦ ಮೆಗಾವಾಟ್ ಸಾಮರ್ಥ್ಯದ ಅಲ್ಲಿಯ ವಿದ್ಯುದಾಗಾರಕ್ಕೆ ಆ ಮಾತು ಸ್ವಲ್ಪಕಾಲ ಸಲ್ಲುತ್ತಿತ್ತು: ೨೦೧೯ರ ಆರಂಭದಿಂದ ವರ್ಷಗಟ್ಟಲೆ ನಿಂತಿದ್ದ ಅದು ದಿವಾಳಿ ಪ್ರಕ್ರಿಯೆಯ ಮೂಲಕ ೨೦೨೫ರ ಜುಲೈಯಲ್ಲಿ ಅದಾನಿ ಪವರ್ ಸಂಸ್ಥೆಯ ಒಡೆತನಕ್ಕೆ ಬಂದಿತು. ಆದರೆ ಗೋಡೆಯೇ ಏಳದ ನಿವೇಶನದ ಕಥೆ ಬೇರೆ. ಅದು ಹತ್ತಿ ಜೋಳಗಳ ಎರೆನೆಲದ ಸೀಮೆ. ಸಾರ್ವಜನಿಕ ಪ್ರಯೋಜನದ ಹೆಸರಿನಲ್ಲಿ ಒಕ್ಕಲಿನಿಂದ ಅದನ್ನು ಪಡೆದದ್ದು ಕಾರ್ಖಾನೆ ಬರುವುದೆಂಬ ಮಾತಿನ ಮೇಲೆ. ಕಾರ್ಖಾನೆ ಬರಲಿಲ್ಲ, ಒಕ್ಕಲು ಮರಳುವಂತಿಲ್ಲ. ಬೀಳು ಬಿಟ್ಟವನು ಒಬ್ಬ, ಮುಂದೆ ಹಕ್ಕುಳ್ಳವನು ಇನ್ನೊಬ್ಬ. ಇಂಥ ಬೀಳನ್ನು ಹಳೆಯ ಭಾಷೆ ಊಹಿಸಿರಲಿಲ್ಲ.

ದೊಡ್ಡ ಕ್ಷೇತ್ರ ಒಂದೇ ದಿನ ತುಂಬುವುದಿಲ್ಲ, ಮುಂದಿನ ಉದ್ಯಮಕ್ಕೆ ನೆಲವನ್ನು ಕಾದಿಡುವುದು ದೂರದೃಷ್ಟಿಯೇ ಎಂಬ ಸಮಾಧಾನವನ್ನು ಅಲ್ಲಗಳೆಯುವಂತಿಲ್ಲ. ೧೯೫೬ರಲ್ಲಿ ರಾಜಧಾನಿಯ ಪದವಿಯನ್ನು ಕಳೆದುಕೊಂಡ ನಾಗಪುರಕ್ಕೂ ಹಿಂದುಳಿದ ವಿದರ್ಭಕ್ಕೂ ಕೈಗಾರಿಕೆ ಬೇಕೆಂಬ ಬಯಕೆ ನ್ಯಾಯವಾದದ್ದೇ. ಆದರೆ ಕಾದಿಡುವುದಕ್ಕೆ ಗಡುವು ಇರಬೇಕು. ನಿಗಮದ ನಿವೇಶನಗಳು ೯೫ ವರ್ಷಗಳ ಗುತ್ತಿಗೆಯವು. ಗೊತ್ತಾದ ಅವಧಿಯಲ್ಲಿ ಕಟ್ಟಡ ಕಟ್ಟಬೇಕೆಂಬ ಕರಾರೂ, ಕಟ್ಟದಿದ್ದರೆ ನಿವೇಶನವನ್ನು ಹಿಂತೆಗೆದುಕೊಳ್ಳುವ ಅಧಿಕಾರವೂ ಇವೆ. ಶುಲ್ಕ ತೆತ್ತು ಅವಧಿಯನ್ನು ವಿಸ್ತರಿಸಿಕೊಳ್ಳುವ ದಾರಿಯೂ ಇದೆ. ಈ ಕೊನೆಯ ದಾರಿಯಲ್ಲಿ ಕರ್ತವ್ಯವು ಬೆಲೆಯಾಗಿ ಮಾರ್ಪಡುತ್ತದೆ. ನೆಲದ ಬೆಲೆ ಶುಲ್ಕಕ್ಕಿಂತ ಬೇಗ ಏರುವಲ್ಲಿ ಕಟ್ಟದಿರುವುದೇ ಲಾಭವಾಗುತ್ತದೆ. ಸ್ವಾಧೀನವಾದ ನೆಲ ಐದು ವರ್ಷ ಬಳಕೆಯಾಗದಿದ್ದರೆ ಅದು ಮೂಲ ಒಡೆಯನಿಗೆ ಅಥವಾ ಸರ್ಕಾರದ ಭೂಬ್ಯಾಂಕಿಗೆ ಮರಳಬೇಕೆಂದು ೨೦೧೩ರ ಕೇಂದ್ರ ಭೂಸ್ವಾಧೀನ ಕಾಯಿದೆಯ ೧೦೧ನೆಯ ಕಲಂ ಹೇಳುತ್ತದೆ. ಅದು ಆ ಕಾಯಿದೆಯಂತೆ ಪಡೆದ ನೆಲದ ಮಾತು; ನಿಗಮದ ಆಧಾರವಾದ ೧೯೬೧ರ ಮಹಾರಾಷ್ಟ್ರ ಅಧಿನಿಯಮ ಬೇರೆ. ಕೇಂದ್ರದ ಕಲಮಿನಲ್ಲಿಯೂ ‘ಅಥವಾ’ ಎಂಬ ಅವ್ಯಯವು ಒಕ್ಕಲಿನ ಹಕ್ಕನ್ನು ಅರ್ಧಕ್ಕೆ ನಿಲ್ಲಿಸಿದೆ.

ಆದಕಾರಣ ಕುಗ್ಗುವ ನಗರದ ಸಿದ್ಧಾಂತವನ್ನು ಬುಟಿಬೋರಿಗೆ ಇದ್ದಂತೆ ಹೊದಿಸುವುದು ಸರಿಯಲ್ಲ. ಯಂಗ್ಸ್‌ಟೌನಿನ ವಿವೇಕವು, ಒಮ್ಮೆ ತುಂಬಿ ಬರಿದಾದ ಊರಿನ ವಿವೇಕ. ತುಂಬುವ ಮೊದಲೇ ಬರಿದಾಗಿ ನಿಂತ ಕ್ಷೇತ್ರಕ್ಕೆ ಬೇಕಾದದ್ದು ಚಿಕ್ಕದಾಗಿ ಬಾಳುವ ಯೋಜನೆಯಲ್ಲ, ಕೊಟ್ಟ ಮಾತಿನ ಲೆಕ್ಕ. ಪ್ರತಿಯೊಂದು ಖಾಲಿ ನಿವೇಶನದ ಎದುರಿಗೆ ಮೂರು ಸಂಗತಿಗಳು ದಾಖಲಾಗಬೇಕು: ನೆಲ ಯಾರಿಂದ ಬಂದಿತು, ಯಾವ ಕೆಲಸಕ್ಕೆಂದು ಬಂದಿತು, ಎಂದಿನಿಂದ ನಿಂತಿದೆ. ಇವು ತಿಳಿದರೆ ಬೀಳು ಯಾವುದು, ಪಾಳು ಯಾವುದು, ಲಾಭಕ್ಕಾಗಿ ಹಿಡಿದಿಟ್ಟದ್ದು ಯಾವುದು ಎಂಬುದು ತಾನಾಗಿ ತಿಳಿಯುತ್ತದೆ. ಒಂದಕ್ಕೆ ಕಾಯುವುದು, ಇನ್ನೊಂದಕ್ಕೆ ಶುದ್ಧಿ ಮತ್ತು ಪರಿಹಾರ, ಮತ್ತೊಂದಕ್ಕೆ ವಾಪಸಾತಿ ಎಂದು ಮದ್ದನ್ನು ಬೇರೆಬೇರೆಯಾಗಿ ಗೊತ್ತುಮಾಡಬಹುದು. ಕಂದಾಯದ ಹಳೆಯ ಕಡತಗಳಲ್ಲಿಯೂ ರೈತರ ಬಾಯಲ್ಲಿಯೂ ಇನ್ನೂ ಬದುಕಿರುವ ನೆಲದ ಪದಗಳನ್ನು, ಗಡಿಯ ಈಚೆ ಆಚೆಯ ಎರಡು ಭಾಷೆಗಳಿಂದಲೂ, ಸಂಗ್ರಹಿಸುವ ಕೆಲಸಕ್ಕೆ ವಿದ್ವಾಂಸರು ಮನಸ್ಸು ಮಾಡಿದರೆ, ಅದು ನಿಘಂಟಿಗಷ್ಟೇ ಅಲ್ಲದೆ ನೆಲ ಕಳೆದುಕೊಂಡವರಿಗೂ ಉಪಕಾರವಾದೀತು.